ದೂರದರ್ಶಕದ ಕನ್ನಡಿಗೆ ಮೆರುಗು

ನಕ್ಷತ್ರಗಳಲ್ಲಿ ಆಸಕ್ತಿ ಹುಟ್ಟಿದ ವಿದ್ಯಾರ್ಥಿಗಳು ಒಂದಲ್ಲ ಒಂದು ದಿನ ತಮ್ಮದೇ ಆದ ದೂರದರ್ಶಕವೊಂದು ಬೇಕೆಂದು ಹಂಬಲಿಸುತ್ತಾರೆ. ಅಂಗಡಿಯಲ್ಲಿ ಅದರ ಬೆಲೆಯನ್ನು ವಿಚಾರಿಸಿದೊಡನೆ ಆ ಹಂಬಲ ಬಹುಮಟ್ಟಿಗೆ ಅಡಗಿಹೋಗುತ್ತದೆ. ಹಾಗೆ ನಿರಾಶರಾಗಲು ಕಾರಣವಿಲ್ಲ. ನ್ಯೂಟನ್ ಮಾದರಿಯ ಪ್ರತಿಫಲಕ ದೂರದರ್ಶಕದ ಜೀವಾಳವೆಲ್ಲ ಇರುವುದು ಕೊಳವೆಯ ತಳದಲ್ಲಿ ಕೂರಿಸಿದ ನಿಮ್ನ ದರ್ಪಣದಲ್ಲಿ. 150 ಮಿಲಿಮೀಟರ್ ವ್ಯಾಸದ ಎರಡು ದಪ್ಪ ಗಾಜಿನ ಬಿಲ್ಲೆಗಳು, ಕಾರ್ಬೊರಂಡಮ್ ಪುಡಿ, ನೀರು, ಸಾಕಷ್ಟು ತಾಳ್ಮೆ, ಇಷ್ಟಿದ್ದರೆ ಆ ದರ್ಪಣವನ್ನು ಮನೆಯ ಜಗಲಿಯ ಮೇಲೆಯೇ ತಯಾರಿಸತೊಡಗಬಹುದು. ಅಂಥ ದರ್ಪಣವು ಕತ್ತಲೆಯಲ್ಲಿ ಪೂರ್ಣವಾಗಿ ಅರಳಿದ ಕಣ್ಣಿನ ಪಾಪೆಗಿಂತ ಸುಮಾರು 450 ಪಟ್ಟು ಹೆಚ್ಚು ಬೆಳಕನ್ನು ಸಂಗ್ರಹಿಸಬಲ್ಲುದು.

ಈ ಕೆಲಸದಲ್ಲಿ ಎರಡು ಘಟ್ಟಗಳಿವೆ. ಮೊದಲನೆಯದು ಗಾಜನ್ನು ಅರೆದು ಬೇಕಾದಷ್ಟು ತಗ್ಗು ಮಾಡುವುದು. ಎರಡನೆಯದು ಅರೆದ ಗಾಜಿಗೆ ಮೆರುಗು ಕೊಡುವುದು. ಅರೆಯುವುದು ಶ್ರಮದ ಕೆಲಸವೇ ಹೊರತು ಕಷ್ಟದ ಕೆಲಸವಲ್ಲ. ದರ್ಪಣದ ಹಣೆಬರಹ ನಿರ್ಧಾರವಾಗುವುದು ಎರಡನೆಯ ಘಟ್ಟದಲ್ಲಿ. ಅಲ್ಲಿ ಗಾಜನ್ನು ಯಾವುದರ ಮೇಲೆ ಉಜ್ಜುತ್ತೇವೆಯೋ ಆ ಸಾಧನಕ್ಕೆ ಕುಶಲಕರ್ಮಿಗಳು ಲ್ಯಾಪ್ ಎನ್ನುತ್ತಾರೆ. ನಾವು ಅದನ್ನು ಮೆರುಗುಫಲಕವೆಂದು ಕರೆಯೋಣ. ಅದನ್ನು ಹೇಗೆ ಆರಿಸಬೇಕು, ಹೇಗೆ ಬಳಸಬೇಕು ಎಂಬುದೇ ಈ ಲೇಖನದ ವಿಷಯ. ಈ ವಿಷಯವನ್ನು ನಾನು ಪುಸ್ತಕಗಳಿಂದ ತಿಳಿದದ್ದಕ್ಕಿಂತ ಒಂದು ಕನ್ನಡಿಯನ್ನು ಕೆಡಿಸಿ ತಿಳಿದದ್ದೇ ಹೆಚ್ಚೆಂದು ಮೊದಲೇ ಒಪ್ಪಿಕೊಳ್ಳುತ್ತೇನೆ.

ಎಷ್ಟು ನಯ ಸಾಕು?

150 ಮಿ.ಮೀ. ವ್ಯಾಸ, 1200 ಮಿ.ಮೀ. ನಾಭಿದೂರವಿರುವ ದರ್ಪಣವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಹೊಸಬರಿಗೆ ಇದು ಅತ್ಯಂತ ಅನುಕೂಲವಾದ ಅಳತೆ. ಇದರ ನಡುಭಾಗವು ಅಂಚಿಗಿಂತ ಸುಮಾರು 1.2 ಮಿ.ಮೀ. ಮಾತ್ರ ತಗ್ಗಿರಬೇಕು. ಒಂದು ಬಿಲ್ಲೆಯನ್ನು ಮೇಜಿಗೆ ಭದ್ರಪಡಿಸಿ, ಅದರ ಮೇಲೆ ಪುಡಿಯನ್ನೂ ನೀರನ್ನೂ ಹಾಕಿ, ಇನ್ನೊಂದು ಬಿಲ್ಲೆಯನ್ನು ಹಿಂದಕ್ಕೂ ಮುಂದಕ್ಕೂ ಉಜ್ಜುತ್ತ, ಆಗಾಗ ಅದನ್ನು ತಿರುಗಿಸುತ್ತ, ನಾವೂ ಮೇಜನ್ನು ಸುತ್ತುತ್ತ ಹೋದರೆ, ಮೇಲಿನ ಬಿಲ್ಲೆ ತಗ್ಗಾಗುತ್ತದೆ, ಕೆಳಗಿನದು ಉಬ್ಬುತ್ತದೆ. ಎಲ್ಲ ದಿಕ್ಕಿಗೂ ಜಾರಿಸಿದಾಗ, ಹೇಗೆ ತಿರುಗಿಸಿದಾಗಲೂ ಪರಸ್ಪರ ಪೂರ್ತಿಯಾಗಿ ಹೊಂದಿಕೊಂಡಿರಬಲ್ಲ ವಕ್ರತಲವೆಂದರೆ ಗೋಳದ ಮೇಲ್ಮೈಯೊಂದೇ. ಆದುದರಿಂದ ಕೈ ಎಷ್ಟೇ ಅನನುಭವಿಯಾಗಿರಲಿ, ಗಾಜು ತಾನಾಗಿಯೇ ಗೋಳಾಕೃತಿಯನ್ನು ತಳೆಯುತ್ತದೆ.

80ನೆಯ ಅಂಕದ ಒರಟು ಪುಡಿಯಿಂದ ಪ್ರಾರಂಭಿಸಿ 120, 220, 400 ಹೀಗೆ ನುಣುಪಾದ ಪುಡಿಗಳಿಗೆ ಬರುತ್ತ ಹೋದಂತೆ ಗಾಜಿನ ಮೈ ಬೂದು ಬಣ್ಣದ ರೇಷ್ಮೆಯಂತೆ ಕಾಣುತ್ತದೆ. ಕೈಗೆ ಅದು ಸಂಪೂರ್ಣ ನುಣುಪು. ಬೆಳಕಿಗೆ ಮಾತ್ರ ಅದು ಗುಂಡಿಗಳೇ ತುಂಬಿದ ಮೈದಾನ.

ಹಾಗಾದರೆ ಬೆಳಕು ಕೇಳುವ ನಯ ಎಷ್ಟು? ಹಸಿರು ಬೆಳಕಿನ ತರಂಗಾಂತರ ಸುಮಾರು 0.00055 ಮಿ.ಮೀ. ದರ್ಪಣದ ಮೈಯಲ್ಲಿ ಒಂದು ಉಬ್ಬು ಇದ್ದರೆ ಬೆಳಕು ಅಲ್ಲಿಗೆ ಹೋಗುವಾಗ ಒಮ್ಮೆ, ಹಿಂದಿರುಗುವಾಗ ಒಮ್ಮೆ, ಹೀಗೆ ಎರಡು ಸಲ ದಾರಿಯನ್ನು ಉಳಿಸಿಕೊಳ್ಳುತ್ತದೆ; ಅಂದರೆ ದೋಷ ಇಮ್ಮಡಿಯಾಗುತ್ತದೆ. ತರಂಗದಲ್ಲಿ ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚು ದೋಷವಿರಬಾರದೆಂಬುದು ರ‍್ಯಾಲೆ ಹಾಕಿಕೊಟ್ಟ ಮಿತಿ. ಆದಕಾರಣ ಗಾಜಿನ ಮೈ ಎಲ್ಲಿಯೂ ತರಂಗಾಂತರದ ಎಂಟನೆಯ ಒಂದು ಭಾಗಕ್ಕಿಂತ, ಎಂದರೆ ಸುಮಾರು 0.00007 ಮಿ.ಮೀ.ಗಿಂತ, ಹೆಚ್ಚು ತಪ್ಪಿರಕೂಡದು. ನಮ್ಮ ತಲೆಗೂದಲಿನ ದಪ್ಪ ಸುಮಾರು 0.07 ಮಿ.ಮೀ. ಹೀಗೆ ನಾವು ಸಾಧಿಸಬೇಕಾದುದು ಕೂದಲಿನ ದಪ್ಪದ ಸಾವಿರದ ಒಂದು ಭಾಗದಷ್ಟು ನಿಖರತೆ! ಯಾವ ಬಡಗಿಯ ಉಪಕರಣವೂ, ಯಾವ ಲೇತ್ ಯಂತ್ರವೂ ಸುಲಭವಾಗಿ ಕೊಡಲಾರದ ಈ ನಿಖರತೆಯನ್ನು ಬರಿಯ ಕೈಗಳು ಕೊಡಬಲ್ಲುವು. ಆದರೆ ಕೈಗೂ ಗಾಜಿಗೂ ನಡುವೆ ತಕ್ಕ ಫಲಕವಿರಬೇಕು.

ಗಟ್ಟಿಯೂ ಅಲ್ಲ, ದ್ರವವೂ ಅಲ್ಲ

ಅರೆಯುವಾಗ ಪುಡಿಯ ಕಣಗಳು ಎರಡು ಗಟ್ಟಿ ಗಾಜುಗಳ ನಡುವೆ ಉರುಳಾಡುತ್ತವೆ. ಉರುಳಿದಲ್ಲೆಲ್ಲ ಗಾಜನ್ನು ಸಿಡಿಸಿ ಸಣ್ಣ ಗುಂಡಿಗಳನ್ನು ಮಾಡುತ್ತವೆ. ಪುಡಿ ಎಷ್ಟೇ ಸೂಕ್ಷ್ಮವಾಗಿದ್ದರೂ ಗಟ್ಟಿಯಾದ ತಳದ ಮೇಲೆ ಅದು ಸಿಡಿಸುವುದನ್ನು ಬಿಡುವುದಿಲ್ಲ. ಮೆರುಗು ಬರಬೇಕಾದರೆ ಕಣಗಳು ಉರುಳದೆ, ಯಾವುದಾದರೂ ಮೆತ್ತನೆಯ ಹಾಸಿನಲ್ಲಿ ಅರ್ಧ ಹೂತುಕೊಂಡು, ಗಾಜನ್ನು ಮೃದುವಾಗಿ ಸವರಬೇಕು. ಹಿಂದೆ ಇದಕ್ಕೆ ರೂಜ್ ಎಂಬ ಕೆಂಪು ಕಬ್ಬಿಣದ ಆಕ್ಸೈಡನ್ನು ಬಳಸುತ್ತಿದ್ದರು. ಈಗ ಹೆಚ್ಚು ಬೇಗ ಕೆಲಸ ಮಾಡುವ ಸೀರಿಯಮ್ ಆಕ್ಸೈಡ್ ಬಳಕೆಯಲ್ಲಿದೆ. ಇಲ್ಲಿ ನೀರು ಕೇವಲ ಜಾರುವಿಕೆಗಾಗಿ ಅಲ್ಲ. ಅದು ಗಾಜಿನ ಹೊರಪದರದೊಡನೆ ರಾಸಾಯನಿಕವಾಗಿ ಕೂಡಿ ಅದನ್ನು ಸಡಿಲಗೊಳಿಸುತ್ತದೆ. ಸೀರಿಯಮ್ ಕಣಗಳು ಆ ಪದರವನ್ನು ಒಯ್ಯುತ್ತವೆ.

ಆದರೆ ಹಾಸು ಬರಿಯ ಮೆತ್ತಗಿದ್ದರೆ ಸಾಲದು. ಅದು ಗುಂಡಿಗಳೊಳಕ್ಕೂ ನುಗ್ಗುವಷ್ಟು ಮೆತ್ತಗಿದ್ದರೆ, ಉಬ್ಬನ್ನೂ ತಗ್ಗನ್ನೂ ಸಮನಾಗಿ ಸವೆಸುತ್ತದೆ. ಗಾಜು ಹೊಳೆಯುತ್ತದೆ, ಆಕಾರ ಮಾತ್ರ ತಿದ್ದಿಕೊಳ್ಳುವುದಿಲ್ಲ. ಉಬ್ಬಿದಲ್ಲಿ ಎದುರಿಸಿ ನಿಲ್ಲುವಷ್ಟು ಗಟ್ಟಿಯಾಗಿಯೂ, ಗಾಜಿನ ಒಟ್ಟು ವಕ್ರತೆಗೆ ನಿಧಾನವಾಗಿ ಹೊಂದಿಕೊಳ್ಳುವಷ್ಟು ಮೆತ್ತಗೂ ಇರುವ ವಸ್ತು ಬೇಕು. ಇವೆರಡೂ ಗುಣಗಳು ಒಂದೇ ವಸ್ತುವಿನಲ್ಲಿರುವುದು ಸಾಧ್ಯವೆ?

ಸಾಧ್ಯ. ಆ ವಸ್ತುವೇ ಪಿಚ್ಚು. ಮರದ ಟಾರು, ಕಲ್ಲೆಣ್ಣೆ ಮೊದಲಾದುವನ್ನು ಬಟ್ಟಿಯಿಳಿಸಿದ ಮೇಲೆ ತಳದಲ್ಲಿ ಉಳಿಯುವ ಕಪ್ಪು ಗಟ್ಟಿ ಪದಾರ್ಥವಿದು. ಪಿಟೀಲಿನ ಕಮಾನಿಗೆ ಉಜ್ಜುವ ರಾಳವೂ ಇದರ ಹತ್ತಿರದ ಬಂಧುವೇ. ಅಕ್ಕಸಾಲಿಗರು ಒಡವೆಯ ಹಾಳೆಯನ್ನು ಬಿಸಿ ಅರಗಿನಲ್ಲಿ ಕೂರಿಸಿ, ಅರಗು ಬಿಗಿದ ಮೇಲೆ ಕೆತ್ತುವುದನ್ನು ಕಂಡವರಿಗೆ ಇದರ ಸ್ವಭಾವ ಸ್ವಲ್ಪಮಟ್ಟಿಗೆ ಪರಿಚಿತ. ಪಿಚ್ಚಿನ ಗಟ್ಟಿಯನ್ನು ಸುತ್ತಿಗೆಯಿಂದ ಹೊಡೆದರೆ ಗಾಜಿನಂತೆ ಚೂರುಚೂರಾಗುತ್ತದೆ. ಅದೇ ಗಟ್ಟಿಯನ್ನು ಒಂದೆಡೆ ಇಟ್ಟು ಮರೆತರೆ ತನ್ನ ಭಾರಕ್ಕೆ ತಾನೇ ಹರಿದು ಹರಡಿಕೊಳ್ಳುತ್ತದೆ.

ಇದು ಎಷ್ಟು ನಿಧಾನವಾಗಿ ಹರಿಯುವ ದ್ರವವೆಂಬುದಕ್ಕೆ ಪ್ರಸಿದ್ಧವಾದ ಸಾಕ್ಷ್ಯವೊಂದಿದೆ. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾನಿಲಯದಲ್ಲಿ ಥಾಮಸ್ ಪಾರ್ನೆಲ್ ಎಂಬ ಭೌತವಿಜ್ಞಾನಿ 1927ರಲ್ಲಿ ಗಾಜಿನ ಲಾಳಿಕೆಯೊಂದಕ್ಕೆ ಕರಗಿಸಿದ ಪಿಚ್ಚನ್ನು ಸುರಿದಿಟ್ಟನು. ಮೂರು ವರ್ಷಗಳ ತರುವಾಯ, 1930ರಲ್ಲಿ, ಲಾಳಿಕೆಯ ಬಾಯನ್ನು ತೆರೆದನು. ಮೊದಲನೆಯ ಹನಿ ಬಿದ್ದುದು 1938ರಲ್ಲಿ, ಒಂಬತ್ತನೆಯದು 2014ರಲ್ಲಿ. ಈ ಪ್ರಯೋಗದಿಂದ ಲೆಕ್ಕಹಾಕಿದಾಗ ಪಿಚ್ಚಿನ ಸ್ನಿಗ್ಧತೆ ನೀರಿಗಿಂತ ಸುಮಾರು ಇಪ್ಪತ್ತಮೂರು ಸಾವಿರ ಕೋಟಿ ಪಟ್ಟು ಹೆಚ್ಚೆಂದು ಕಂಡುಬಂದಿತು. ಮೆರುಗಿಗೆ ಬಳಸುವ ಪಿಚ್ಚು ಇದಕ್ಕಿಂತ ಮೆತ್ತಗಿರಬಹುದು, ಗಟ್ಟಿಯಾಗಿರಬಹುದು. ಸ್ವಭಾವ ಮಾತ್ರ ಒಂದೇ.

ಈ ಇಬ್ಬಗೆಯ ನಡತೆಯೇ ನಮಗೆ ಬೇಕಾದುದು. ಗಾಜನ್ನು ಒಮ್ಮೆ ಹಿಂದೆ ಮುಂದೆ ಜಾರಿಸುವುದಕ್ಕೆ ಒಂದೆರಡು ಸೆಕೆಂಡು ಸಾಕು. ಅಷ್ಟರೊಳಗೆ ಪಿಚ್ಚಿಗೆ ಹರಿಯಲು ಅವಕಾಶವಿಲ್ಲ. ಅದು ಗಟ್ಟಿ ಪದಾರ್ಥದಂತೆ ನಿಂತು ಉಬ್ಬುಗಳನ್ನು ಸವೆಸುತ್ತದೆ. ಆದರೆ ಒಂದು ಗಂಟೆಯ ಅವಧಿಯಲ್ಲಿ ಅದು ದ್ರವದಂತೆ ಸರಿದು ಗಾಜಿನ ಹೊಸ ಆಕಾರಕ್ಕೆ ಹೊಂದಿಕೊಳ್ಳುತ್ತದೆ. ಹೀಗೆ ಗಾಜು ಪಿಚ್ಚನ್ನು ತಿದ್ದುತ್ತದೆ, ಪಿಚ್ಚು ಗಾಜನ್ನು ತಿದ್ದುತ್ತದೆ. ನ್ಯೂಟನ್ ಇದನ್ನು ಚೆನ್ನಾಗಿ ಅರಿತಿದ್ದನು. 1704ರಲ್ಲಿ ಪ್ರಕಟವಾದ ತನ್ನ ಬೆಳಕಿನ ಗ್ರಂಥದಲ್ಲಿ, ತಾಮ್ರದ ಉಬ್ಬು ತಟ್ಟೆಯ ಮೇಲೆ ಕರಗಿಸಿದ ಪಿಚ್ಚನ್ನು ತೆಳ್ಳಗೆ ಹರಡಿ, ತವರದ ಆಕ್ಸೈಡಿನ ಪುಡಿಯೊಡನೆ ಲೋಹದ ಕನ್ನಡಿಯನ್ನು ಉಜ್ಜಿದ ಬಗೆಯನ್ನು ಅವನು ವಿವರಿಸಿದ್ದಾನೆ. ಮೂರು ಶತಮಾನಗಳು ಕಳೆದರೂ ಹವ್ಯಾಸಿಯ ಕೈಯಲ್ಲಿ ಆ ಕ್ರಮ ಮೂಲತಃ ಬದಲಾಗಿಲ್ಲ.

ಯಾವ ಹಾಸು ಉತ್ತಮ?

ಪಿಚ್ಚಲ್ಲದೆ ಬೇರೆ ಹಾಸುಗಳೂ ಇವೆ. ಅವುಗಳಲ್ಲಿ ಅತಿ ಸುಲಭವಾದುದು ಉಣ್ಣೆಯ ಫೆಲ್ಟು. ಅದನ್ನು ಉಬ್ಬು ಬಿಲ್ಲೆಗೆ ಅಂಟಿಸಿ ಸೀರಿಯಮ್ ಸವರಿದರೆ ಕೆಲಸ ಪ್ರಾರಂಭಿಸಬಹುದು. ಕರಗಿಸುವ, ಹದಮಾಡುವ ತಾಪತ್ರಯವಿಲ್ಲ. ಗಾಜು ಬಹು ಬೇಗ ಹೊಳೆಯುತ್ತದೆ. ಆದರೆ ಫೆಲ್ಟಿಗೆ ಸ್ಪ್ರಿಂಗಿನ ಗುಣವಿದೆ. ಒತ್ತಿದಾಗ ಕುಗ್ಗಿ, ಒತ್ತಡ ತಪ್ಪಿದಲ್ಲಿ ಪುಟಿದೇಳುತ್ತದೆ. ಗಾಜಿನ ಅಂಚು ಅದರ ಮೇಲೆ ಹಾದುಹೋಗುವಾಗಲೆಲ್ಲ ಪುಟಿದೆದ್ದ ಎಳೆಗಳು ಅಂಚನ್ನು ಹೆಚ್ಚಾಗಿ ಸವೆಸಿ ಕೆಳಮುಖವಾಗಿ ಬಾಗಿಸುತ್ತವೆ. ದೂರದರ್ಶಕ ಮಾಡುವವರು ಅತ್ಯಂತ ಹೆದರುವ ಮುರಿದ ಅಂಚು ಎಂಬ ದೋಷ ಇದೇ. ಕನ್ನಡಕದ ಮಸೂರಗಳಿಗೆ ಇಷ್ಟು ನಿಖರತೆ ಬೇಕಾಗಿಲ್ಲವಾದ್ದರಿಂದ ಅಲ್ಲಿ ಇಂಥ ಮೆತ್ತನೆಯ ಹಾಸುಗಳು ನಡೆಯುತ್ತವೆ.

ಎರಡನೆಯದು ಜೇನುಮೇಣದ ಹಾಳೆ. ಜೇನು ಸಾಕುವವರು ಪೆಟ್ಟಿಗೆಯ ಚೌಕಟ್ಟಿನಲ್ಲಿಡುವ, ಆರು ಮೂಲೆಯ ಕೋಣೆಗಳ ಅಚ್ಚೊತ್ತಿದ ಹಾಳೆಯಿದು. ಇದನ್ನು ಬಿಲ್ಲೆಗೆ ಅಂಟಿಸುವುದು ಸುಲಭ, ಗೀರು ಬೀಳುವ ಭಯ ಕಡಿಮೆ, ಕೆಲಸವೂ ವೇಗ. ಆದರೆ ಮೇಣದ ಮೇಲೆ ಮುಗಿಸಿದ ಗಾಜಿನ ಮೈ ಸೂಕ್ಷ್ಮವಾಗಿ ತರಿತರಿಯಾಗಿರುತ್ತದೆ. ಅಂಥ ಕನ್ನಡಿ ಬೆಳಕನ್ನು ಅಲ್ಪಸ್ವಲ್ಪ ಚದರಿಸುತ್ತದೆ. ಚಂದ್ರ ಪ್ರಕಾಶಮಾನವಾಗಿಯೇ ಕಾಣುತ್ತಾನೆ. ಗುರುಗ್ರಹದ ಪಟ್ಟಿಗಳು ಮಾತ್ರ ಮಂಕಾಗಿ ಹಿನ್ನೆಲೆಯಲ್ಲಿ ಕರಗಿಹೋಗುತ್ತವೆ. ಗುಂಡಿಗಳನ್ನು ಬೇಗ ತೆಗೆಯಲು ಮೊದಲು ಮೇಣವನ್ನು ಬಳಸಿ, ಆಕಾರವನ್ನು ತಿದ್ದಿ ಮುಗಿಸಲು ಪಿಚ್ಚಿಗೆ ಬರುವುದು ಒಪ್ಪತಕ್ಕ ಮಾರ್ಗ. ಆದರೆ ಕೊನೆಯ ಮಾತು ಪಿಚ್ಚಿನದೇ.

ಇಷ್ಟೆಲ್ಲ ತಿಳಿದಿದ್ದೂ ನಾನು ಮಾಡಿದ ತಪ್ಪನ್ನು ಇಲ್ಲಿ ಹೇಳಬೇಕು. 2022ರ ಡಿಸೆಂಬರ್ 8ರಂದು ಮಂಗಳಗ್ರಹವು ಸೂರ್ಯನಿಗೆ ನೇರ ಎದುರಿನಲ್ಲಿ ಬರುವುದಿತ್ತು. ಆಗ ಅದರ ಬಿಂಬದ ಅಗಲ ಸುಮಾರು 17 ವಿಕಲೆ. ಒಂದು ವಿಕಲೆಯೆಂದರೆ ಡಿಗ್ರಿಯ 3600ರಲ್ಲಿ ಒಂದು ಭಾಗ. ಆ ರಾತ್ರಿ ನಮ್ಮ ವಿದ್ಯಾರ್ಥಿಗಳು ತಾವೇ ಮಾಡಿದ ದೂರದರ್ಶಕದಲ್ಲಿ ಮಂಗಳನನ್ನು ನೋಡಬೇಕೆಂಬುದು ನನ್ನ ಆಸೆ. ಅರೆಯುವ ಕೆಲಸ ಮುಗಿಯುವ ಹೊತ್ತಿಗೆ ಉಳಿದದ್ದು ನಾಲ್ಕೇ ದಿನ. ಪಿಚ್ಚನ್ನು ಹದಕ್ಕೆ ತರಲು ವೇಳೆಯಿಲ್ಲವೆಂದು ಫೆಲ್ಟಿನ ಮೇಲೆಯೇ ಮುಗಿಸಲು ನಿರ್ಧರಿಸಿದೆ. "ಸರ್, ಅಂಚು ಕೆಡುವುದಿಲ್ಲವೆ?" ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. "ನೋಡೋಣ" ಎಂದೆ. ಎರಡೇ ದಿನಗಳಲ್ಲಿ ಗಾಜು ಥಳಥಳಿಸಿತು, ಎಲ್ಲರಿಗೂ ಸಂತೋಷವಾಯಿತು.

ಕನ್ನಡಿಗೆ ಅಲ್ಯೂಮಿನಿಯಮ್ ಲೇಪನವಾಗಿರಲಿಲ್ಲ. ಬರಿಯ ಗಾಜು ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕು ಪಾಲನ್ನಷ್ಟೆ ಹಿಂದಿರುಗಿಸುತ್ತದೆಯಾದರೂ ಮಂಗಳನನ್ನು ನೋಡಲು ಅದು ಧಾರಾಳವಾಗಿ ಸಾಕು. ಡಿಸೆಂಬರ್ 8ರ ರಾತ್ರಿ ಸಾಲಾಗಿ ನಿಂತ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ನೋಡಿದರು. ಕಂಡದ್ದು ಗ್ರಹವಲ್ಲ, ಅಂಚಿಲ್ಲದ ಒಂದು ಕೆಂಪು ಮುದ್ದೆ. ನಾಭಿಯನ್ನು ಎಷ್ಟು ಸರಿಪಡಿಸಿದರೂ ಅದರ ಸುತ್ತಲಿನ ಬೆಳಕಿನ ಮಬ್ಬು ಹೋಗಲಿಲ್ಲ. ಯಾರೂ ದೂರಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು. ಮರುದಿನ ಆ ವಿದ್ಯಾರ್ಥಿನಿಗೆ ಅವಳ ಸಂದೇಹವೇ ಸರಿಯಾಗಿತ್ತೆಂದು ಹೇಳಿ, ಕನ್ನಡಿಯನ್ನು ಪುನಃ 400ನೆಯ ಅಂಕದ ಪುಡಿಯ ಮೇಲಿಟ್ಟೆವು. ಅಂಚು ಅಷ್ಟು ಕೆಟ್ಟಿತ್ತು. ಈ ಸಲ ಪಿಚ್ಚಿನ ಫಲಕವೇ ಆಗಬೇಕೆಂದು ಎಲ್ಲರೂ ಒಪ್ಪಿದೆವು.

ಪಿಚ್ಚಿನ ಹದ

ಪಿಚ್ಚು ತೀರ ಗಟ್ಟಿಯಾದರೆ ಗಾಜಿನೊಡನೆ ಹೊಂದಿಕೊಳ್ಳದೆ ಗೀರುಗಳನ್ನುಂಟುಮಾಡುತ್ತದೆ; ತೀರ ಮೆತ್ತಗಾದರೆ ಫೆಲ್ಟಿನಂತೆಯೇ ಅಂಚನ್ನು ಕೆಡಿಸುತ್ತದೆ. ಆದ್ದರಿಂದ ಹದವನ್ನು ಪರೀಕ್ಷಿಸಲೇಬೇಕು. ಬೆಲ್ಲದ ಪಾಕದ ಹದವನ್ನು ಗೃಹಿಣಿಯರು ನೋಡುವಂತೆಯೇ ಕರಗಿದ ಪಿಚ್ಚಿನ ಒಂದು ತೊಟ್ಟನ್ನು ನೀರಿಗೆ ಬಿಟ್ಟು, ಅದು ಕೋಣೆಯ ಉಷ್ಣತೆಗೆ ಬಂದ ಮೇಲೆ ಹೆಬ್ಬೆರಳಿನ ಉಗುರಿನಿಂದ ಸುಮಾರು ಹತ್ತು ಸೆಕೆಂಡು ಬಲವಾಗಿ ಒತ್ತಬೇಕು. ಐದಾರು ಮಿ.ಮೀ. ಉದ್ದದ ಗುರುತು ಮೂಡಿದರೆ ಹದ ಸರಿಯಾಗಿದೆ. ಗುರುತೇ ಮೂಡದಿದ್ದರೆ ಕೆಲವೇ ತೊಟ್ಟು ಟರ್ಪೆಂಟೈನ್ ಬೆರೆಸಬೇಕು. ಉಗುರು ತಡೆಯಿಲ್ಲದೆ ಇಳಿದರೆ ರಾಳವನ್ನು ಸೇರಿಸಬೇಕು, ಇಲ್ಲವೆ ಇನ್ನಷ್ಟು ಹೊತ್ತು ಕಾಯಿಸಬೇಕು.

ಕೋಣೆಯ ಉಷ್ಣತೆಗೆ ಎಂದು ಹೇಳಿದುದನ್ನು ಓದುಗರು ಮರೆಯಬಾರದು. ಕೆಲವೇ ಡಿಗ್ರಿಗಳ ವ್ಯತ್ಯಾಸದಿಂದ ಪಿಚ್ಚಿನ ಗಟ್ಟಿತನ ಬಹಳ ಬದಲಾಗುತ್ತದೆ. ಚಳಿನಾಡಿನ ನೆಲಮಾಳಿಗೆಗಳಲ್ಲಿ ಕೆಲಸ ಮಾಡಿದವರು ಬರೆದ ಅಳತೆಗಳು ನಮಗೆ ಹಾಗೆಯೇ ಹೊಂದಲಾರವು. ಮಡಿಕೇರಿಯ ಜನವರಿಗೆ ಒಪ್ಪುವ ಪಿಚ್ಚು, ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಬಳ್ಳಾರಿ ಅಥವಾ ಕಲಬುರಗಿಯ ಮೇ ತಿಂಗಳಲ್ಲಿ ಅಂಬಲಿಯಂತಾಗುತ್ತದೆ. ನಾವು ಡಿಸೆಂಬರಿನ ಮಧ್ಯಾಹ್ನ ಹದಮಾಡಿದ ಪಿಚ್ಚು ಮರುದಿನ ಮುಂಜಾನೆಯ ಚಳಿಯಲ್ಲಿ ಉಗುರಿಗೆ ಜಗ್ಗಲಿಲ್ಲ. ಆದುದರಿಂದ ಒಂದೇ ಕೋಣೆ, ದಿನದ ಒಂದೇ ಹೊತ್ತು, ಇವನ್ನು ನಿಯಮವಾಗಿಟ್ಟುಕೊಳ್ಳುವುದು ಮೇಲು.

ಕರಗಿಸುವಾಗ ಎಚ್ಚರ ಅಗತ್ಯ. ಪಿಚ್ಚೂ ಟರ್ಪೆಂಟೈನೂ ಹೊತ್ತಿಕೊಳ್ಳುವ ಪದಾರ್ಥಗಳು. ಬೆಂಕಿಯ ಉರಿಯ ಮೇಲೆ ಎಂದಿಗೂ ಕಾಯಿಸತಕ್ಕದ್ದಲ್ಲ. ವಿದ್ಯುತ್ ಒಲೆಯ ಮೇಲೆ ಮಂದವಾಗಿ, ಗಾಳಿಯಾಡುವ ಜಾಗದಲ್ಲಿ, ಹಿರಿಯರೊಬ್ಬರ ಸಮ್ಮುಖದಲ್ಲಿ ಕರಗಿಸಬೇಕು. ಒಲೆಯನ್ನು ಆರಿಸಿದ ಮೇಲೆಯೇ ಟರ್ಪೆಂಟೈನ್ ಬೆರೆಸಬೇಕು. ಕುದಿಯುವ ಪಿಚ್ಚು ಚರ್ಮಕ್ಕೆ ತಗಲಿದರೆ ಅಂಟಿಕೊಂಡು ಸುಡುತ್ತದೆ.

ಬೆಚ್ಚಗೆ ಮಾಡಿದ ಉಬ್ಬು ಬಿಲ್ಲೆಯ ಸುತ್ತ ಕಾಗದದ ಕಟ್ಟೆ ಕಟ್ಟಿ, ಐದಾರು ಮಿ.ಮೀ. ದಪ್ಪಕ್ಕೆ ಪಿಚ್ಚನ್ನು ಸುರಿಯಬೇಕು. ಅದು ಬಿಗಿಯುತ್ತ ಬಂದಾಗ ಕಟ್ಟೆಯನ್ನು ತೆಗೆದು, ಬೆಚ್ಚಗಿನ ದರ್ಪಣಕ್ಕೆ ಸೀರಿಯಮ್ ಕಲಸಿದ ನೀರನ್ನು ಹಚ್ಚಿ ಮೆಲ್ಲಗೆ ಒತ್ತಿದರೆ ಪಿಚ್ಚು ಅದರ ವಕ್ರತೆಯನ್ನು ತಳೆಯುತ್ತದೆ. ಅನಂತರ ಮೇಲ್ಮೈಯಲ್ಲಿ ಅಡ್ಡಡ್ಡವಾಗಿಯೂ ಉದ್ದುದ್ದವಾಗಿಯೂ ಕಾಲುವೆಗಳನ್ನು ಕೊರೆದು, ಸುಮಾರು 25 ಮಿ.ಮೀ.ನ ಚೌಕಗಳಾಗಿ ವಿಭಾಗಿಸಬೇಕು. ಕಾಲುವೆಗಳು ನೀರನ್ನು ಎಲ್ಲೆಡೆಗೂ ಒಯ್ಯುತ್ತವೆ. ಒತ್ತಿದ ಪಿಚ್ಚು ಸರಿಯಲು ಸ್ಥಳ ಕೊಡುತ್ತವೆ. ಯಾವ ಚೌಕದ ನಡುವೂ, ಯಾವ ಕಾಲುವೆಗಳ ಕೂಡುವೆಡೆಯೂ ಫಲಕದ ಕೇಂದ್ರಕ್ಕೆ ಸರಿಯಾಗಿ ಬೀಳಬಾರದು. ಬಿದ್ದರೆ ಗಾಜಿನ ಮೇಲೆ ಉಂಗುರಗಳಂಥ ಏರುತಗ್ಗುಗಳು ಮೂಡುತ್ತವೆ.

ಉಜ್ಜುವುದೂ ಕಾಯುವುದೂ

ಕೆಲಸಕ್ಕೆ ತೊಡಗುವ ಮುನ್ನ ಪ್ರತಿಸಲವೂ ದರ್ಪಣವನ್ನು ಫಲಕದ ಮೇಲಿಟ್ಟು, ಸ್ವಲ್ಪ ಭಾರ ಹೇರಿ, ಹತ್ತು ಹದಿನೈದು ನಿಮಿಷ ಸುಮ್ಮನೆ ಬಿಡಬೇಕು. ಎಲ್ಲ ಚೌಕಗಳೂ ಗಾಜನ್ನು ಮುಟ್ಟಿರುವುದು ಗಾಜಿನ ಮೂಲಕವೇ ಕಾಣುತ್ತದೆ. ಬಳಿಕ ವ್ಯಾಸದ ಮೂರನೆಯ ಒಂದು ಭಾಗದಷ್ಟು ದೂರಕ್ಕೆ ಮಾತ್ರ ದರ್ಪಣವನ್ನು ಜಾರಿಸುತ್ತ, ಕೆಲವು ಸಲಕ್ಕೊಮ್ಮೆ ಅದನ್ನು ತಿರುಗಿಸುತ್ತ, ಮೇಜನ್ನು ಸುತ್ತುತ್ತ ಉಜ್ಜಬೇಕು. ದರ್ಪಣ ಮೇಲಿದ್ದರೆ ನಡುಭಾಗ ಹೆಚ್ಚು ಸವೆಯುತ್ತದೆ; ಫಲಕ ಮೇಲಿದ್ದರೆ ಅಂಚು ಹೆಚ್ಚು ಸವೆಯುತ್ತದೆ. ಈ ಒಂದು ಸೂತ್ರದಿಂದ ಅನೇಕ ದೋಷಗಳನ್ನು ತಿದ್ದಬಹುದು. ಎಂಟು ಹತ್ತು ಗಂಟೆಗಳ ಕೆಲಸದ ತರುವಾಯ ಭೂತಗನ್ನಡಿಯಲ್ಲಿ ನೋಡಿದರೂ ಅಂಚಿನಲ್ಲಿ ಗುಂಡಿ ಕಾಣಬಾರದು.

ಇಲ್ಲಿ ಅವಸರ ಮಾಡುವವರಿಗೆ ಭೌತಶಾಸ್ತ್ರವೇ ಅಡ್ಡ ನಿಲ್ಲುತ್ತದೆ. 25 ಮಿ.ಮೀ. ದಪ್ಪದ ಸಾಮಾನ್ಯ ಗಾಜು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 0.0002 ಮಿ.ಮೀ. ಹಿಗ್ಗುತ್ತದೆ. ಇದು ನಮಗೆ ಸಲ್ಲುವ ದೋಷದ ಮೂರು ಪಟ್ಟು! ಅಂಗೈಯ ಕಾವಿಗೆ ಗಾಜು ಒಂದೆಡೆ ಹೆಚ್ಚು, ಒಂದೆಡೆ ಕಡಿಮೆ ಬಿಸಿಯಾಗುವುದರಿಂದ ಉಜ್ಜಿದ ಕೂಡಲೇ ಪರೀಕ್ಷಿಸಿದರೆ ಇಲ್ಲದ ದೋಷ ಕಾಣುತ್ತದೆ, ಇರುವ ದೋಷ ಅಡಗುತ್ತದೆ. ಗಾಜು ತಣಿಯಲು ಒಂದೆರಡು ಗಂಟೆ ಕಾಯಲೇಬೇಕು.

ಪರೀಕ್ಷೆಯೆಂದರೆ ಫ್ರಾನ್ಸಿನ ಫೂಕೋ 1858ರ ಸುಮಾರಿಗೆ ಕಂಡುಹಿಡಿದ ಕತ್ತಿಯಂಚಿನ ಪರೀಕ್ಷೆ. ದರ್ಪಣದಿಂದ 2.4 ಮೀಟರ್ ದೂರದಲ್ಲಿ, ಎಂದರೆ ಅದರ ವಕ್ರತಾಕೇಂದ್ರದಲ್ಲಿ, ಸಣ್ಣ ರಂಧ್ರದ ಹಿಂದೆ ದೀಪವಿಟ್ಟು, ಹಿಂದಿರುಗಿ ಬರುವ ಕಿರಣಗಳನ್ನು ಕ್ಷೌರದ ಬ್ಲೇಡಿನ ಅಲಗಿನಿಂದ ಕತ್ತರಿಸಿ ಕಣ್ಣಿಟ್ಟು ನೋಡಬೇಕು. ಗೋಳಾಕೃತಿ ಸರಿಯಾಗಿದ್ದರೆ ಇಡೀ ದರ್ಪಣ ಒಮ್ಮೆಗೇ ಮಂಕಾಗುತ್ತದೆ. ಇಲ್ಲವಾದರೆ ಗುಡ್ಡ ಕಣಿವೆಗಳಂತೆ ನೆರಳುಗಳು ಮೂಡುತ್ತವೆ. ದೂರದ ನಕ್ಷತ್ರದ ಬೆಳಕನ್ನು ಒಂದೇ ಬಿಂದುವಿನಲ್ಲಿ ಕೂಡಿಸಲು ಕಟ್ಟಕಡೆಗೆ ಬೇಕಾಗುವುದು ಪರವಲಯಾಕೃತಿ. ನಮ್ಮ ದರ್ಪಣದಲ್ಲಿ, ನಡುವಿನಲ್ಲಿ ಒಂದಕ್ಕೊಂದು ಹೊಂದಿಸಿದ ಗೋಳಕ್ಕೂ ಪರವಲಯಕ್ಕೂ ಅಂಚಿನಲ್ಲಿ ಬೀಳುವ ಅಂತರ ಸುಮಾರು 0.0003 ಮಿ.ಮೀ. ಮಾತ್ರ. ಇದೇ ಅಂತರ ಫೂಕೋ ಪರೀಕ್ಷೆಯಲ್ಲಿ, ದೀಪವನ್ನು ಕದಲಿಸದೆ ಬ್ಲೇಡನ್ನಷ್ಟೆ ಸರಿಸಿ ಅಳೆದಾಗ, ಸುಮಾರು 2.3 ಮಿ.ಮೀ. ಸರಿತವಾಗಿ ಕಾಣುತ್ತದೆ. ಕಣ್ಣಿಗೆ ನಿಲುಕದುದನ್ನು ಸಾಧಾರಣ ಅಳತೆಪಟ್ಟಿಗೆ ನಿಲುಕಿಸುವ ಈ ಉಪಾಯಕ್ಕೆ ಆಗುವ ವೆಚ್ಚ ಒಂದು ಬ್ಲೇಡು, ಒಂದು ದೀಪ!

ಪರೀಕ್ಷೆ ತಪ್ಪಾದರೆ ಎಂಥ ಮೆರುಗೂ ವ್ಯರ್ಥ. 1990ರಲ್ಲಿ ಅಂತರಿಕ್ಷಕ್ಕೆ ಏರಿದ ಹಬಲ್ ದೂರದರ್ಶಕದ 2.4 ಮೀಟರ್ ದರ್ಪಣಕ್ಕೆ ಅತ್ಯುತ್ತಮ ಮೆರುಗು ಬಂದಿತ್ತು. ಆದರೆ ಪರೀಕ್ಷಾ ಉಪಕರಣದಲ್ಲಿ ಮಸೂರವೊಂದು 1.3 ಮಿ.ಮೀ. ಸ್ಥಾನ ತಪ್ಪಿದ್ದರಿಂದ ದರ್ಪಣದ ಅಂಚು ಸುಮಾರು 0.002 ಮಿ.ಮೀ. ಹೆಚ್ಚು ಸವೆದು, ಚಿತ್ರಗಳು ಮಸುಕಾದುವು. 1993ರಲ್ಲಿ ಗಗನಯಾತ್ರಿಗಳು ಮೇಲೆ ಹೋಗಿ ತಿದ್ದುವ ಉಪಕರಣವನ್ನು ಜೋಡಿಸಬೇಕಾಯಿತು. ಮನೆಯ ಜಗಲಿಯ ಮೇಲೆ ಮಾಡುವ ಕನ್ನಡಿಗೆ ಈ ಮಟ್ಟಿಗೆ ನಮ್ಮ ಅದೃಷ್ಟ ಹೆಚ್ಚು. ತಪ್ಪಿದ್ದರೆ ಪುನಃ ಫಲಕದ ಮೇಲಿಡಬಹುದು.

1781ರಲ್ಲಿ ಯುರೇನಸ್ ಗ್ರಹವನ್ನು ಕಂಡ ವಿಲಿಯಮ್ ಹರ್ಷೆಲ್ ತನ್ನ ಕನ್ನಡಿಗಳನ್ನು ತಾನೇ ಉಜ್ಜಿ ಮಾಡಿಕೊಂಡವನು. ಒಮ್ಮೆ ಹದಿನಾರು ಗಂಟೆಗಳ ಕಾಲ ಕನ್ನಡಿಯಿಂದ ಕೈ ತೆಗೆಯದೆ ದುಡಿದಾಗ ತಂಗಿ ಕ್ಯಾರೊಲೈನಳು ತುತ್ತು ಮಾಡಿ ಅವನ ಬಾಯಿಗಿಟ್ಟಳಂತೆ. ನಮ್ಮಲ್ಲಿಯೂ, ತಮಿಳುನಾಡಿನ ಕಾವಲೂರಿನಲ್ಲಿ 1986ರಲ್ಲಿ ಉದ್ಘಾಟನೆಗೊಂಡ 2.34 ಮೀಟರ್ ವೇಣು ಬಾಪು ದೂರದರ್ಶಕದ ದರ್ಪಣವನ್ನು ಅರೆದು ಮೆರುಗು ಕೊಟ್ಟುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಕಾರ್ಯಾಗಾರದಲ್ಲಿ. ಗಾತ್ರ ಬೇರೆ, ಬೆಳಕು ಕೇಳುವ ನಯ ಎಲ್ಲ ಕನ್ನಡಿಗಳಿಗೂ ಒಂದೇ.

ನಮ್ಮ ಕನ್ನಡಿ ಪಿಚ್ಚಿನ ಮೇಲೆ ಮುಗಿದುದು 2023ರ ಸಂಕ್ರಾಂತಿಯ ವೇಳೆಗೆ. ಅಷ್ಟರಲ್ಲಿ ಮಂಗಳ ದೂರ ಸರಿದು, ಅದರ ಬಿಂಬ 17 ವಿಕಲೆಗಳಿಂದ 13ಕ್ಕೆ ಇಳಿದಿತ್ತು. ಅವಸರದಲ್ಲಿ ಕಳೆದುಕೊಂಡ ಆ ನಾಲ್ಕು ವಿಕಲೆಗಳು ಹಿಂದಿರುಗಿ ಬರುವಂತಿರಲಿಲ್ಲ. ಅಂದು ಮೊದಲು ಕಣ್ಣಿಟ್ಟವಳು ಅದೇ ವಿದ್ಯಾರ್ಥಿನಿ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕಾಗದ, ಪೆನ್ಸಿಲು ಕೇಳಿ, ಒಂದು ಸಣ್ಣ ವೃತ್ತ ಬರೆದು, ಅದರೊಳಗೆ ತಾನು ಕಂಡ ಕಪ್ಪು ಕಲೆಯನ್ನು ಗುರುತಿಸಿ ನನ್ನ ಕೈಗಿತ್ತಳು. ಅಂಚು ಸ್ಪಷ್ಟವಾಗಿತ್ತು.